ತೊಟ್ಟಿಲು ಕಿರ್ ಅಂದಾಗ, ನೀರು ಘಾಟು ಹೊಡೆದಾಗ

ಓದುಗರ ಪ್ರಶ್ನೆ: ಮನರಂಜನಾ ಪಾರ್ಕು ವಿಶೇಷ

ದಸರಾ ರಜೆ ಹತ್ತಿರ ಬಂದ ಹಾಗೆ ವಸ್ತುಪ್ರದರ್ಶನದ ಆಟಗಳು, ವಾಟರ್ ಪಾರ್ಕು, ಕೆಆರ್‌ಎಸ್ ಯೋಜನೆಗಳ ಬಗ್ಗೆ ಪತ್ರಗಳು ಹೆಚ್ಚಾಗಿವೆ. ಆಯ್ದ ಕೆಲವಕ್ಕೆ ಯಂತ್ರ, ನೀರು, ವಿದ್ಯುತ್ ವಿಭಾಗಗಳನ್ನು ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಪ್ರತಿವರ್ಷ ವಸ್ತುಪ್ರದರ್ಶನದಲ್ಲಿ ಜೈಂಟ್ ವೀಲ್ ಹತ್ತುತ್ತೇವೆ. ಮೇಲೇರುವಾಗ ತೊಟ್ಟಿಲು ಕಿರ್ ಕಿರ್ ಅನ್ನುತ್ತದೆ. ಅಜ್ಜಿ ಕೆಳಗಿನಿಂದಲೇ "ಇಳಿದುಬಿಡ್ರೋ" ಎಂದು ಕೂಗುತ್ತಾರೆ. ಈ ಸದ್ದು ನಿಜಕ್ಕೂ ಅಪಾಯದ್ದೇ?
(ಓದುಗರು, ಅಗ್ರಹಾರ, ಮೈಸೂರು)

ಅಜ್ಜಿಯ ಕಿವಿ ಚುರುಕಾಗಿದೆ, ಆದರೆ ಕಿರ್ ಸದ್ದು ಅಷ್ಟು ಹೆದರಬೇಕಾದ್ದಲ್ಲ. ಪ್ರತಿ ಸುತ್ತಿನಲ್ಲೂ ಅದೇ ತೊಟ್ಟಿಲು, ಅದೇ ಎತ್ತರಕ್ಕೆ ಬಂದಾಗ ಕಿರುಗುಟ್ಟಿದರೆ ಅದು ತೊಟ್ಟಿಲು ನೇತಾಡುವ ಪಿನ್ನಿನ ಬುಷ್ (ಪಿನ್ ಕೂರುವ ಲೋಹದ ಬಳೆ) ಒಣಗಿದ್ದರ ಗುರುತು. ಗ್ರೀಸ್ ಗನ್ನಿನಲ್ಲಿ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಇಣುಕುವವರೆಗೆ ಲಿಥಿಯಂ ಗ್ರೀಸ್ ಒತ್ತಿದರೆ ಸದ್ದು ನಿಲ್ಲುತ್ತದೆ. ಒತ್ತಿದರೂ ನಿಲ್ಲದಿದ್ದರೆ ಬುಷ್ ಅಂಡಾಕಾರಕ್ಕೆ ಸವೆದಿದೆ ಎಂದು ತಿಳಿಯಬೇಕು. ಆಗ ಪಿನ್ ಬಿಚ್ಚಿ, ವರ್ನಿಯರ್ ಹಿಡಿದು ಮೂರು ಜಾಗದಲ್ಲಿ ಅಳೆದು, ಹೊಸ ಗನ್‌ಮೆಟಲ್ ಬುಷ್ ಹಾಕುವುದೊಂದೇ ದಾರಿ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವ ಲೇತ್‌ನವರಿಗೂ ಅದು ದೊಡ್ಡ ಕೆಲಸವಲ್ಲ.

'ಟಕ್' ಎಂದು ಸುತ್ತಿಗೊಮ್ಮೆ ಬಡಿಯುವ ಸದ್ದು ಬೇರೆ. ಎಲ್ಲೋ ಬೋಲ್ಟ್ ಸಡಿಲಾಗಿದೆ ಅಥವಾ ಬೇರಿಂಗ್ ಸವೆದು ಅಲುಗುತ್ತಿದೆ. ಅಂಥ ಸದ್ದು ಕೇಳಿದರೆ ಆಟ ನಿಲ್ಲಿಸಿ ಹುಡುಕಬೇಕು, "ಸಂಜೆ ನೋಡೋಣ" ಅನ್ನುವಂತಿಲ್ಲ.

ಎಲ್ಲಕ್ಕಿಂತ ಕೆಟ್ಟ ದೋಷ ಸದ್ದನ್ನೇ ಮಾಡುವುದಿಲ್ಲ. ಅದು ವೆಲ್ಡಿಂಗ್ ಬಿರುಕು. ತೊಟ್ಟಿಲು ಹಿಡಿದಿರುವ ಬ್ರಾಕೆಟ್ಟಿನ ಬುಡದಲ್ಲೋ, ಚಕ್ರದ ಕಡ್ಡಿಗಳು ನಡುವಿನ ಹಬ್‌ಗೆ (ಗುಂಬಕ್ಕೆ) ಸೇರುವ ಕಡೆಯೋ ವೆಲ್ಡ್ ಅಂಚಿಗೆ ಸರಿಯಾಗಿ ಕೂದಲಿನಷ್ಟು ತೆಳುವಾಗಿ ಹುಟ್ಟಿ, ತಿಂಗಳುಗಟ್ಟಲೆ ಬೆಳೆಯುತ್ತದೆ. ಬಣ್ಣದ ಮೇಲೆ ತುಕ್ಕಿನ ಸಣ್ಣ ಕಂದು ಗೆರೆ ಜಿನುಗಿದ್ದರೆ ಅದನ್ನು ಒರೆಸಿ ಮೇಲೆ ಹೊಸ ಬಣ್ಣ ಬಳಿಯುವುದು ನಮ್ಮಲ್ಲಿ ಬಹಳ ಕಡೆ ನಡೆಯುವ ತಪ್ಪು. ಮಾಡಬೇಕಾದ್ದು ಹೀಗೆ: ಆ ಜಾಗದ ಬಣ್ಣವನ್ನು ಲೋಹ ಕಾಣುವವರೆಗೆ ತೆಗೆದು, ಜಿಡ್ಡು ಒರೆಸಿ, ಕೆಂಪು ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಸಿಂಪಡಿಸಿ 10ರಿಂದ 20 ನಿಮಿಷ ಬಿಡಬೇಕು. ಆಮೇಲೆ ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಕ್ಲೀನರನ್ನೇ ನೇರವಾಗಿ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದ ಬಣ್ಣವೂ ತೊಳೆದುಹೋಗಿ "ಏನೂ ಇಲ್ಲ" ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಕೊನೆಗೆ ಒಳಗಿನ ಬಣ್ಣವನ್ನು ಹೀರಿ ತೋರಿಸುವ ಬಿಳಿ ಡೆವಲಪರ್. ಬಿರುಕಿದ್ದರೆ ಹತ್ತು ನಿಮಿಷದೊಳಗೆ ಬಿಳಿಯ ಮೇಲೆ ಕುಂಕುಮದ ಗೆರೆ ಎಳೆದ ಹಾಗೆ ಕಾಣಿಸಿಕೊಳ್ಳುತ್ತದೆ. ಮೂರು ಡಬ್ಬಿಗಳ ಈ ಪರೀಕ್ಷೆಗೆ ಖರ್ಚಾಗುವುದು ಹಣಕ್ಕಿಂತ ತಾಳ್ಮೆಯೇ ಹೆಚ್ಚು.

ಇನ್ನು ನೀವೇ ನೋಡಬಹುದಾದ್ದು ಎರಡಿವೆ. ಪಿನ್ನಿನ ತುದಿಯಲ್ಲಿ ಕಾಲು ಅಗಲಿಸಿದ ಸ್ಪ್ಲಿಟ್ ಪಿನ್ ಇರಬೇಕು. ಅದರ ಜಾಗದಲ್ಲಿ ಮೊಳೆಯೋ ಬೈಂಡಿಂಗ್ ವೈರೋ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಎರಡನೆಯದು ನಟ್ಟಿನಿಂದ ಪ್ಲೇಟಿಗೆ ಎಳೆದ ಬಣ್ಣದ ಗೆರೆ. ಬಿಗಿ ಮಾಡಿದ ದಿನ ಗೆರೆ ನೇರವಾಗಿರುತ್ತದೆ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ, ಹತ್ತು ಅಡಿ ದೂರದಿಂದಲೂ ಗೊತ್ತಾಗುತ್ತದೆ. ಗೆರೆಯೇ ಇಲ್ಲದ ಚಕ್ರವೆಂದರೆ ಬೆಳಗ್ಗೆ ಯಾರೂ ಬೋಲ್ಟ್ ನೋಡಿಲ್ಲ ಎಂದೇ ಎಣಿಸಬೇಕು.

ಬೋಲ್ಟಿನ ತಲೆಯ ಮೇಲೆ ತಾಳಿಕೆಯ ದರ್ಜೆ 8.8 ಎಂದು ಕೆತ್ತಿರಬೇಕಾದ ಕಡೆ 4.6ರ ಸಾದಾ ಬೋಲ್ಟ್ ಹಾಕಿಬಿಡುವುದೂ ಉಂಟು. ದಪ್ಪ ಒಂದೇ, ಮರೆ (ಥ್ರೆಡ್) ಒಂದೇ, ತಾಳಿಕೆ ಮಾತ್ರ ಸರಿಸುಮಾರು ಅರ್ಧ. ಎಂ20 (20 ಮಿ.ಮೀ. ದಪ್ಪ) ಅಳತೆಯ 8.8 ಬೋಲ್ಟಿಗೆ ಸಾಮಾನ್ಯವಾಗಿ 350ರಿಂದ 400 ನ್ಯೂಟನ್ ಮೀಟರ್ ಬಿಗಿತ ಬೇಕು, ಖಚಿತ ಅಂಕಿ ತಯಾರಕರ ಕೈಪಿಡಿಯಲ್ಲಿರುತ್ತದೆ. ಅದನ್ನು ಟಾರ್ಕ್ ರೆಂಚಿನಲ್ಲೇ ಕೊಡಬೇಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಇಬ್ಬರು ಜೋತುಬಿದ್ದರೆ ಬೋಲ್ಟು ಬಿಗಿಯಾಗುವ ಬದಲು ಎಳೆದುಹೋಗುತ್ತದೆ.

ಪ್ರಶ್ನೆ: ಅದೇ ಮೈದಾನದಲ್ಲಿ ಚಕ್ರದ ಕಾಲಡಿಗೆ ಮರದ ದಿಮ್ಮಿ ಇಟ್ಟಿರುವುದನ್ನು ನೋಡಿದೆ. ಕಾಂಕ್ರೀಟ್ ಬೇಡವೇ?
(ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ)

ಕೆಲವು ತಿಂಗಳ ಮಟ್ಟಿಗೆ ನಿಲ್ಲುವ ಚಕ್ರಕ್ಕೆ ದಿಮ್ಮಿ ಸಾಕು, ಲೆಕ್ಕ ಸರಿಯಿದ್ದರೆ. ಜನ ತುಂಬಿದ ಚಕ್ರ 20 ಟನ್ ಎಂದುಕೊಳ್ಳಿ. ನಾಲ್ಕು ಕಾಲಿಗೆ ಹಂಚಿದರೆ ತಲಾ 5 ಟನ್. 30 ಸೆಂ.ಮೀ. ಚೌಕದ ಉಕ್ಕಿನ ಪ್ಲೇಟನ್ನು ನೇರ ಮಣ್ಣಿನ ಮೇಲೆ ಇಟ್ಟರೆ ಚದರ ಮೀಟರಿಗೆ ಸುಮಾರು 55 ಟನ್ ಒತ್ತಡ. ನೆನೆದ ಜೇಡಿಮಣ್ಣು ತಡೆಯುವುದು 5ರಿಂದ 10 ಟನ್. ಒಂದು ಮೀಟರ್ ಚೌಕಕ್ಕೆ ದಿಮ್ಮಿಗಳನ್ನು ಅಡ್ಡ ಉದ್ದ ಎರಡು ಪದರ ಜೋಡಿಸಿದರೆ ಅದೇ ಭಾರ 5 ಟನ್ನಿಗೆ ಇಳಿಯುತ್ತದೆ. ಗಾಳಿ ಬೀಸಿದಾಗ ಒಂದು ಕಡೆಯ ಕಾಲುಗಳಿಗೇ ಭಾರ ಹೆಚ್ಚುವುದರಿಂದ ಇನ್ನೂ ಅಗಲ ಮಾಡಿದರೆ ಒಳ್ಳೆಯದು.

ವಸ್ತುಪ್ರದರ್ಶನದ ಜಾಗದ ಹೆಸರೇ ದೊಡ್ಡಕೆರೆ ಮೈದಾನ. ಹೆಸರಿನಲ್ಲೇ ಕೆರೆ ಇರುವ ನೆಲ ಅಕ್ಟೋಬರ್ ಮಳೆಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಮಳೆಯ ಮರುದಿನ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಇಳಿದ ಕಾಲಿಗೆ ಜ್ಯಾಕ್ ಕೊಟ್ಟು ಪ್ಯಾಕಿಂಗ್ ಸೇರಿಸಬೇಕು. ಚಕ್ರದ ಸುತ್ತ ಒಂದು ಅಡಿ ಆಳದ ಕಾಲುವೆ ತೋಡಿ ನೀರು ಹರಿದುಹೋಗುವಂತೆ ಮಾಡಿದರೆ ಈ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ರೋಲರ್ ಕೋಸ್ಟರ್ ಏರು ಹತ್ತುವಾಗ ಟಕಟಕ ಸದ್ದು ಬರುವುದೇಕೆ?
(6ನೇ ತರಗತಿ ವಿದ್ಯಾರ್ಥಿನಿ, ನಂಜನಗೂಡು)

ಅದು ಒಳ್ಳೆಯ ಸದ್ದು ಪುಟ್ಟಿ. ಹಳಿಯ ನಡುವೆ ಗರಗಸದ ಹಲ್ಲಿನಂಥ ಉಕ್ಕಿನ ಪಟ್ಟಿ ಇರುತ್ತದೆ. ಬಂಡಿಯ ಕೆಳಗಿನ ಕೊಕ್ಕೆ ಒಂದೊಂದೇ ಹಲ್ಲು ದಾಟಿ ಬೀಳುವ ಸದ್ದು ಅದು. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದೆ ಆ ಹಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಟಕಟಕ ನಡುವೆ ತಾಳ ತಪ್ಪಿದರೆ ಕೊಕ್ಕೆಯ ಸ್ಪ್ರಿಂಗ್ ಸೋತಿದೆ ಅಥವಾ ಹಲ್ಲು ಸವೆದಿದೆ.

ಪ್ರಶ್ನೆ: ವಾಟರ್ ಪಾರ್ಕಿನ ಅಲೆಕೊಳದಲ್ಲಿ ಆಡಿ ಬಂದ ಮಕ್ಕಳಿಗೆ ಕಣ್ಣು ಕೆಂಪಾಗಿ ಉರಿ. ನೀರಿನಲ್ಲಿ ಕ್ಲೋರಿನ್ ಘಾಟು ವಿಪರೀತ. ಕ್ಲೋರಿನ್ ಜಾಸ್ತಿ ಸುರಿದಿದ್ದಾರೆ ಎಂದರೆ ಸಿಬ್ಬಂದಿ ಒಪ್ಪುವುದಿಲ್ಲ. ಯಾರದು ಸರಿ?
(ಗೃಹಿಣಿ, ವಿಜಯನಗರ, ಮೈಸೂರು)

ಸಿಬ್ಬಂದಿ ಹೇಳಿದ್ದೇ ಸರಿ ಇದ್ದೀತು, ಆದರೆ ತಪ್ಪು ಅವರದ್ದೇ. ಸರಿಯಾಗಿ ಕ್ಲೋರಿನ್ ಇರುವ ನೀರಿಗೆ ಘಾಟು ಬಹಳ ಕಡಿಮೆ. ಬೆವರು, ಮೂತ್ರ ಇವುಗಳಲ್ಲಿನ ಸಾರಜನಕದ ಜೊತೆ ಕ್ಲೋರಿನ್ ಸೇರಿ ಕ್ಲೋರಮೈನ್ ಆದಾಗ ಆ ಘಾಟು, ಆ ಉರಿ. ಅಂದರೆ ಕ್ಲೋರಿನ್ ಸಾಲದೆ ಬಂದ ಸಮಸ್ಯೆ ಅದು. ಘಾಟು ಬಂತೆಂದು ಕ್ಲೋರಿನ್ ಕಡಿಮೆ ಮಾಡಿದರೆ ಇನ್ನಷ್ಟು ಕೆಡುತ್ತದೆ.

ಅಳೆಯುವುದು ಹೀಗೆ. ಮೊಣಕೈ ಆಳದಿಂದ 10 ಮಿ.ಲೀ. ನೀರು ತೆಗೆದು ಡಿಪಿಡಿ 1 ಎಂಬ ಪರೀಕ್ಷಾ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣದ ಪಟ್ಟಿಗೆ ಹೋಲಿಸಿದರೆ ಅದು ಮುಕ್ತ (ಇನ್ನೂ ಕೆಲಸಕ್ಕೆ ಉಳಿದಿರುವ) ಕ್ಲೋರಿನ್, 1ರಿಂದ 3 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇರಬೇಕು. ಅದೇ ನೀರಿಗೆ ಡಿಪಿಡಿ 3 ಮಾತ್ರೆ ಸೇರಿಸಿ. ಗುಲಾಬಿ ಇನ್ನೂ ಗಾಢವಾದರೆ, ಎರಡರ ವ್ಯತ್ಯಾಸವೇ ಕ್ಲೋರಮೈನ್. ತೆರೆದ ತಕ್ಷಣ, ಮಧ್ಯಾಹ್ನ, ಸಂಜೆ, ಕಡೇಪಕ್ಷ ದಿನಕ್ಕೆ ಮೂರು ಸಲ ಈ ಅಂಕಿ ಫಲಕದ ಮೇಲೆ ಬರೆದಿರಬೇಕು. ಫಲಕ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕ್ಲೋರಮೈನನ್ನು ಒಡೆಯಲು ಅದರ ಹತ್ತು ಪಟ್ಟು ಕ್ಲೋರಿನ್ ಒಂದೇ ಸಲಕ್ಕೆ ಬೇಕು, ಚೂರುಚೂರು ಹಾಕಿದರೆ ಒಡೆಯುವುದಿಲ್ಲ. 3 ಲಕ್ಷ ಲೀಟರ್ ಕೊಳದಲ್ಲಿ ಕ್ಲೋರಮೈನ್ 0.8 ಪಿಪಿಎಂ ಇದ್ದರೆ 8 ಪಿಪಿಎಂ, ಅಂದರೆ 2.4 ಕಿಲೋ ಶುದ್ಧ ಕ್ಲೋರಿನ್ ಬೇಕು. 65 ಶೇಕಡದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 3.7 ಕಿಲೋ. ಅಂಗಡಿಯ ಬ್ಲೀಚಿಂಗ್ ಪೌಡರಿನಲ್ಲಿ ಇರುವುದೇ 33 ಶೇಕಡದ ಆಸುಪಾಸು, ಹಾಗಾಗಿ 7 ಕಿಲೋ ದಾಟುತ್ತದೆ, ಜೊತೆಗೆ ಸುಣ್ಣದ ಗಸಿ ಉಚಿತ. ಕೆಲಸ ರಾತ್ರಿ, ಜನರಿಲ್ಲದಾಗ, ಪಂಪ್ ಓಡುತ್ತಿರುವಾಗ ಆಗಬೇಕು. ಬೆಳಗ್ಗೆ 3 ಪಿಪಿಎಂಗೆ ಇಳಿದ ಮೇಲಷ್ಟೇ ಗೇಟು ತೆಗೆಯಬೇಕು.

ಈ ಭಾಗದ ಕೊಳವೆಬಾವಿ ನೀರಿನದು ಇನ್ನೊಂದು ತರಲೆ. ಗಡಸು, ಕ್ಷಾರ ಎರಡೂ ಜಾಸ್ತಿ ಇರುವ ನೀರಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೇಲೇರುತ್ತಲೇ ಇರುತ್ತದೆ. ಪಿಎಚ್ 7.2ರಲ್ಲಿ ಹಾಕಿದ ಕ್ಲೋರಿನ್ನಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಹೋದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು. ಪಟ್ಟಿಯಲ್ಲಿ 2 ಪಿಪಿಎಂ ತೋರಿಸಿದರೂ ನೀರು ಹಸಿರಾಗುವುದು ಇದರಿಂದಲೇ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿ 7.2ರಿಂದ 7.6ರೊಳಗೆ ಇಟ್ಟುಕೊಳ್ಳಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು.

ಮಾತ್ರೆ ರೂಪದ ಟಿಸಿಸಿಎ (ನಿಧಾನ ಕರಗುವ ಒಂದು ಬಗೆಯ ಕ್ಲೋರಿನ್) ಬಳಸುವವರಿಗೆ ಒಂದು ಮಾತು. ಅದರಿಂದ ಬರುವ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸಯನುರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಈ ಆಮ್ಲ 30ರಿಂದ 50 ಪಿಪಿಎಂ ಇದ್ದರೆ ಅದು ಬಿಸಿಲಿನಿಂದ ಕ್ಲೋರಿನ್ ಕಾಪಾಡುವ ಕೊಡೆ. 100 ದಾಟಿದರೆ ಕ್ಲೋರಿನ್ನನ್ನೇ ಕಟ್ಟಿಹಾಕುತ್ತದೆ, ಒಂದಷ್ಟು ನೀರು ಚೆಲ್ಲಿ ಹೊಸ ನೀರು ತುಂಬದೆ ಇಳಿಯುವುದಿಲ್ಲ. ಟಿಸಿಸಿಎ ಅಳೆದ ಮಗ್ಗನ್ನೇ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಡಬ್ಬಿಗೆ ಹಾಕಿದರೆ ಹೊತ್ತಿಕೊಳ್ಳಬಹುದು, ಸ್ಫೋಟಿಸಲೂಬಹುದು. ಎರಡಕ್ಕೆ ಎರಡು ಬಣ್ಣದ ಮಗ್ಗು, ಎರಡು ಬೇರೆ ಕೋಣೆ. ಆಮ್ಲಕ್ಕೆ ಮೂರನೆಯದು, ಏಕೆಂದರೆ ಆಮ್ಲ ಯಾವ ಕ್ಲೋರಿನ್ ಪುಡಿಗೆ ತಾಗಿದರೂ ವಿಷಾನಿಲ ಏಳುತ್ತದೆ.

ರಾಸಾಯನಿಕ ಏನೇ ಇರಲಿ, ದಡದಲ್ಲಿ ನಿಂತು ನೋಡಿದಾಗ ಕೊಳದ ತಳದ ಜಾಲರಿ ಸ್ಪಷ್ಟ ಕಾಣದಿದ್ದರೆ ಮಕ್ಕಳನ್ನು ಇಳಿಸಬೇಡಿ. ಮುಳುಗಿದವರು ಜೀವರಕ್ಷಕರಿಗೆ ಕಾಣದ ನೀರು ಅದು. ಆ ಜಾಲರಿ ಒಡೆದಿದ್ದರೆ ಅಥವಾ ಸ್ಕ್ರೂ ಕಳೆದುಕೊಂಡಿದ್ದರೆ ಕೊಳವನ್ನೇ ಮುಚ್ಚಬೇಕು. ಪಂಪಿನ ಎಳೆತಕ್ಕೆ ಉದ್ದ ಕೂದಲು ಸಿಕ್ಕಿಕೊಂಡರೆ ದೊಡ್ಡವರ ಕೈಗೂ ಬಿಡಿಸಲಾಗದು. ಆ ಕಾರಣಕ್ಕೇ ಒಂದು ಪಂಪಿಗೆ ದೂರದೂರವಾಗಿ ನೀರೆಳೆಯುವ ಎರಡು ಬಾಯಿ ಇರಬೇಕು ಎನ್ನುವುದು.

ಪ್ರಶ್ನೆ: ಕಾಟನ್ ಬಟ್ಟೆಗೆ ಅವಕಾಶವಿಲ್ಲ, ಬಾಡಿಗೆಗೆ ನೈಲಾನ್ ಡ್ರೆಸ್ ತಗೊಳ್ಳಿ ಅನ್ನುತ್ತಾರೆ. ದುಡ್ಡು ಕೀಳುವ ಉಪಾಯ ತಾನೇ?
(ಓದುಗರು, ಹುಣಸೂರು)

ಅರ್ಧ ನಿಜ. ಬಾಡಿಗೆ ದರ ಅವರಿಷ್ಟ, ನಿಯಮಕ್ಕೆ ಮಾತ್ರ ಕಾರಣವಿದೆ. ಜಾರುಬಂಡೆಯ ಮೇಲ್ಮೈ ಫೈಬರ್‌ಗ್ಲಾಸಿನ ಮೇಲಿನ ಜೆಲ್‌ಕೋಟ್ ಎಂಬ ಅರ್ಧ ಮಿ.ಮೀ. ಆಸುಪಾಸಿನ ಪದರ. ಜೀನ್ಸಿನ ಒಂದು ಹಿತ್ತಾಳೆ ಗುಂಡಿ ಅದನ್ನು ಗೀರಿದರೆ ನೀರು ಒಳಗಿಳಿದು ಗುಳ್ಳೆ ಏಳುತ್ತದೆ. ಕಾಟನ್ ನೀರು ಹೀರಿ ಜೋತುಬೀಳುತ್ತದೆ, ಎಳೆ ಬಿಡುತ್ತದೆ, ಆ ಎಳೆ ಪಂಪಿನ ಜರಡಿ ಕಟ್ಟುತ್ತದೆ. ನಿಮ್ಮದೇ ನೈಲಾನ್ ಬಟ್ಟೆ ಇದ್ದರೆ ತಂದುಕೊಳ್ಳಿ, ಅದನ್ನೂ ಬೇಡವೆಂದರೆ ಆಗ ನಿಮ್ಮ ಮಾತು ಪೂರ್ತಿ ನಿಜ.

ಪ್ರಶ್ನೆ: ಜಾರುವಾಗ ಒಂದೊಂದು ಕಡೆ ಬೆನ್ನಿಗೆ ಏನೋ ಕೆರೆದ ಹಾಗಾಗುತ್ತದೆ. ಯಾಕೆ?
(ಓದುಗರು, ಶ್ರೀರಂಗಪಟ್ಟಣ)

ಜಾರುಬಂಡೆ ತುಂಡುತುಂಡಾಗಿ ಬರುತ್ತದೆ, ಅಂಚುಗಳನ್ನು ಕೆಳಗಿನಿಂದ ಬೋಲ್ಟ್ ಹಾಕಿ ಸೇರಿಸುತ್ತಾರೆ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಬೋಲ್ಟು ಸಡಿಲಾದಾಗ ಒಂದು ತುಂಡು ಕೂದಲೆಳೆಯಷ್ಟು ಇಳಿಯುತ್ತದೆ. ಮೇಲಿನ ತುಂಡು ತುಸು ಎತ್ತರವಿದ್ದರೆ ಜಾರುವವರಿಗೆ ಒಂದು ಸಣ್ಣ ಮೆಟ್ಟಿಲು, ಅಷ್ಟೆ. ಕೆಳಗಿನ ತುಂಡು ಎತ್ತರವಾದರೆ ಅದು ಕತ್ತಿಯ ಅಂಚು. ಪತ್ತೆ ಮಾಡಲು ಹಳೆಯ ನೈಲಾನ್ ಕಾಲುಚೀಲ ಕೈಗೆ ತೊಟ್ಟು ಪ್ರತಿ ಜೋಡಣೆಯ ಮೇಲೆ ಸವರಿದರೆ ಸಾಕು, ಎಳೆ ಸಿಕ್ಕಿದ ಕಡೆ ದೋಷ. ಬೆಳಗ್ಗೆ ನೀರು ಬಿಡುವ ಮೊದಲು ಅರ್ಧ ಗಂಟೆಯ ಕೆಲಸ.

ದುರಸ್ತಿಯಲ್ಲಿ ಮೊದಲು ಬೋಲ್ಟು ಸರಿಹೊಂದಿಸಿ, ಹಳೆಯ ಸೀಲಂಟ್ ಪೂರ್ತಿ ಕಿತ್ತು, ಒಣಗಿಸಿ, ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಬಿರುಕಿದ್ದರೆ 'ವಿ' ಆಕಾರಕ್ಕೆ ಕೊರೆದು ಫೈಬರ್ ಮ್ಯಾಟ್ ಮತ್ತು ರಾಳ ತುಂಬಿ, ಮೇಲೆ ಜೆಲ್‌ಕೋಟ್ ಹಾಕಿ, ಗಟ್ಟಿಯಾದ ಮೇಲೆ 220, 400, 600, 1000 ನಂಬರಿನ ನೀರುಕಾಗದದಲ್ಲಿ ಕ್ರಮವಾಗಿ ಉಜ್ಜಿ ವ್ಯಾಕ್ಸ್ ಹಚ್ಚಬೇಕು. ರಾಳಕ್ಕೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) 1ರಿಂದ 2 ಶೇಕಡ. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರಾವಣ) ಮತ್ತು ಹಾರ್ಡನರನ್ನು ನೇರ ಒಂದಕ್ಕೊಂದು ಬೆರೆಸಿದರೆ ಸ್ಫೋಟಿಸಬಹುದು. ಕೋಬಾಲ್ಟನ್ನು ಮೊದಲು ರಾಳಕ್ಕೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ, ತೇವವಿದ್ದರೆ ಪದರ ಅಂಟುವುದಿಲ್ಲ.

ಪ್ರಶ್ನೆ: ಹಾಗಾದರೆ ಪಾರ್ಕುಗಳು ರಿಪೇರಿ ಮಾಡುವುದು ಯಾವಾಗ? ನಾವು ಹೋದಾಗಲೇ ಎರಡು ಆಟ ಬಂದ್ ಆಗಿರುತ್ತವೆ.
(ಓದುಗರು, ಕುವೆಂಪುನಗರ, ಮೈಸೂರು)

ಮೈಸೂರಿನ ಹವಾಮಾನವೇ ಈ ವ್ಯವಹಾರಕ್ಕೆ ಎದುರು. ವರ್ಷಕ್ಕೆ 780 ಮಿ.ಮೀ. ಆಸುಪಾಸು ಬೀಳುವ ಮಳೆ ಜೋರಾಗುವುದು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ. ಜನ ತುಂಬುವುದೂ ಬೇಸಿಗೆ ರಜೆಗೆ ಒಮ್ಮೆ, ದಸರೆಗೆ ಒಮ್ಮೆ. ಯಂತ್ರ ಅತಿ ಹೆಚ್ಚು ದುಡಿಯುವ ದಿನಗಳೇ ಗುಡುಗು ಸಿಡಿಲಿನ ದಿನಗಳೂ ಆಗಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು. ಹಾಗಾಗಿ ದೊಡ್ಡ ದುರಸ್ತಿಗೆ ಉಳಿಯುವುದು ಶಾಲೆ ಶುರುವಾದ ಜೂನ್–ಜುಲೈ ಮತ್ತು ಪರೀಕ್ಷೆಯ ಫೆಬ್ರವರಿ–ಮಾರ್ಚ್. ಬೇರಿಂಗ್ ಬಿಚ್ಚುವುದು, ವೆಲ್ಡ್ ಪರೀಕ್ಷೆ ಜೂನಿನಲ್ಲಿ ಮಾಡಿದರೆ ದಸರೆಗೆ ಸಿದ್ಧ. ಫೈಬರ್ ಮತ್ತು ಬಣ್ಣದ ಕೆಲಸಕ್ಕೆ ಒಣಹವೆಯ ಫೆಬ್ರವರಿಯೇ ಸರಿ.

ಎರಡು ಆಟ ಬಂದ್ ಆಗಿದ್ದರೆ ಬೇಸರಪಡಬೇಡಿ. ನಮ್ಮ ಮಟ್ಟಿಗೆ ಹೇಳುವುದಾದರೆ, ವರ್ಷದ 365 ದಿನವೂ ಎಲ್ಲ ಆಟ ಓಡಿಸುವ ಪಾರ್ಕೇ ಅನುಮಾನಕ್ಕೆ ಅರ್ಹ. ಬಂದ್ ಆಗಿರುವುದನ್ನು ಟಿಕೆಟ್ ಕೊಡುವ ಮೊದಲೇ ಹೇಳದಿದ್ದರೆ ಮಾತ್ರ ಜಗಳವಾಡಿ.

ಗಾಳಿಗೂ ಮಿತಿ ಇದೆ. ಹಲವು ಯಂತ್ರಗಳ ಮಿತಿ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ., ಎತ್ತರದ ಕೆಲವಕ್ಕೆ ಇನ್ನೂ ಕಡಿಮೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಎತ್ತರದ ಆಟ, ನೀರಾಟ ಎರಡನ್ನೂ ನಿಲ್ಲಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು.

ಪ್ರಶ್ನೆ: ಮದ್ದೂರು ಬಳಿ ಹೆದ್ದಾರಿ ಪಕ್ಕ ಮೂರು ಎಕರೆ ಇದೆ. ಎಕ್ಸ್‌ಪ್ರೆಸ್ ವೇ ಆದಮೇಲೆ ಓಡಾಟ ಜೋರು. ಸಣ್ಣ ವಾಟರ್ ಪಾರ್ಕ್, ಜೊತೆಗೆ ಸೆಕೆಂಡ್ ಹ್ಯಾಂಡ್ ಕೊಲಂಬಸ್ (ತೂಗುವ ಹಡಗಿನ ಆಟ) ಒಂದು ಹಾಕಬೇಕೆಂದಿದ್ದೇವೆ. ನೀರಿಗೆ ಒಂದು ಬೋರ್‌ವೆಲ್ ಸಾಕೇ?
(ರೈತ ಸಹೋದರರು, ಮಂಡ್ಯ ಜಿಲ್ಲೆ)

ಮೊದಲು ಓಡಾಟದ ಮಾತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ವಾಹನ ಜೋರಾಗಿ ಓಡುತ್ತದೆ ನಿಜ, ಆದರೆ ನಿಲ್ಲುವುದಿಲ್ಲ. ಮೊದಲು ಊರೊಳಗೆ ಹಾದು ಮದ್ದೂರು ವಡೆಗೆ ನಿಲ್ಲುತ್ತಿದ್ದವರೇ ಈಗ ಬೈಪಾಸಿನಲ್ಲಿ ಹೋಗಿಬಿಡುತ್ತಾರೆ. ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ 2005ರಿಂದ ವಂಡರ್‌ಲಾ ಎಂಬ ದೊಡ್ಡ ಮನರಂಜನಾ ಪಾರ್ಕು ಇದೆ. ದೊಡ್ಡ ಕೋಸ್ಟರಿನಲ್ಲಿ ಅದರ ಜೊತೆ ಪೈಪೋಟಿ ಆಗದ ಮಾತು. ನಿಮ್ಮ ಗಿರಾಕಿ ಸುತ್ತಲಿನ ತಾಲ್ಲೂಕುಗಳ ಮನೆಮಂದಿ, ಸಣ್ಣ ಮಕ್ಕಳು, ಸರ್ಕಾರಿ ಶಾಲೆಯ ಒಂದು ದಿನದ ಪ್ರವಾಸ ಎಂದು ಲೆಕ್ಕ ಹಾಕಿ.

ನೀರಿನ ಲೆಕ್ಕ. ಕೊಳಗಳ ಮೇಲ್ಮೈ ಒಟ್ಟು 1,000 ಚದರ ಮೀಟರ್ ಎನ್ನೋಣ. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾದರೆ 6,000 ಲೀಟರ್. ನೀರು ಹಳಸದಿರಲು ತಲೆಗೆ 30 ಲೀಟರಿನಂತೆ ಹೊಸ ನೀರು ಸೇರಿಸಬೇಕು, 300 ಜನಕ್ಕೆ 9,000. ಮರಳು ಫಿಲ್ಟರ್ ಒಮ್ಮೆ ಬ್ಯಾಕ್‌ವಾಶ್ ಮಾಡಿದರೆ (ನೀರು ಹಿಂದುಮುಂದಾಗಿ ಹಾಯಿಸಿ ತೊಳೆದರೆ) 3,000, ಇದು ಹೊಸ ನೀರಿನ ಲೆಕ್ಕದೊಳಗೇ ಸ್ವಲ್ಪ ಸರಿಹೋಗುತ್ತದಾದರೂ ಬಿಡಿಯಾಗಿಯೇ ಹಿಡಿಯಿರಿ. ಒಟ್ಟು 18,000 ಲೀಟರ್, ಅಂದರೆ ದಿನಕ್ಕೆ 6,000 ಲೀಟರಿನ ಮೂರು ಟ್ಯಾಂಕರ್. ಸ್ನಾನ, ಶೌಚಾಲಯ ಇದರ ಮೇಲೆ. ಏಪ್ರಿಲ್ ಕೊನೆಯ ವಾರದಲ್ಲೂ ನಿಮ್ಮ ಬೋರ್ ಅಷ್ಟು ಕೊಡುತ್ತದೆಯೇ ಎಂದು ಸತತ ಎರಡು ದಿನ ಓಡಿಸಿ ನೋಡಿ. ಭತ್ತ, ಕಬ್ಬಿಗೆ ನೀರಿಲ್ಲದ ಕಾಲದಲ್ಲಿ ಪಕ್ಕದ ಹೊಲದವರೂ ಅದನ್ನೇ ನೋಡುತ್ತಿರುತ್ತಾರೆ ಎನ್ನುವುದು ನೆನಪಿರಲಿ. 1,000 ಚದರ ಮೀಟರ್ ಚಾವಣಿ ಇದ್ದರೆ ವರ್ಷಕ್ಕೆ 6 ಲಕ್ಷ ಲೀಟರ್ ಮಳೆನೀರು ಹಿಡಿಯಬಹುದು. ಕೊಳವೆಬಾವಿ ನೀರಿಗಿಂತ ಮೃದು, ಪೈಪಿಗೆ ಒಳ್ಳೆಯದು, ಆದರೆ ಒಂದು ತಿಂಗಳ ಚೂರುಪಾರಿಗೆ ಮಾತ್ರ.

ಫಿಲ್ಟರನ್ನು ದಿನಾ ಗಡಿಯಾರ ನೋಡಿ ತೊಳೆಯಬೇಡಿ, ಗೇಜ್ ನೋಡಿ. ಮರಳು ಶುಚಿಯಿದ್ದಾಗಿನ ಒತ್ತಡಕ್ಕಿಂತ 0.5 ಬಾರ್ ಏರಿದಾಗ, ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ, 3ರಿಂದ 5 ನಿಮಿಷ. ಪದೇಪದೇ ತೊಳೆದರೆ ನೀರೂ ದಂಡ, ಫಿಲ್ಟರೂ ಮಂಕು.

ಕರೆಂಟಿನಲ್ಲಿ ಉಳಿತಾಯಕ್ಕೆ ಪಂಪಿಗೆ ವಿಎಫ್‌ಡಿ (ಮೋಟಾರಿನ ವೇಗ ಏರಿಸಿ ಇಳಿಸುವ ಸಾಧನ) ಹಾಕಿ ಎಂದು ಮಾರುವವರು ಹೇಳುತ್ತಾರೆ. ವೇಗ 80 ಶೇಕಡಕ್ಕೆ ಇಳಿಸಿದರೆ ವಿದ್ಯುತ್ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಫಿಲ್ಟರ್ ಪಂಪಿಗೆ ಹೆಚ್ಚುಕಡಿಮೆ ನಿಜ. 12 ಮೀಟರ್ ಎತ್ತರದ ಗೋಪುರಕ್ಕೆ ನೀರೆತ್ತುವ ಜಾರುಬಂಡೆ ಪಂಪಿಗೆ ಆ ಲೆಕ್ಕ ಹೊಂದುವುದಿಲ್ಲ. ಒಂದು ವೇಗದ ಕೆಳಗೆ ಪಂಪ್ ತಿರುಗುತ್ತದೆ, ನೀರು ಮೇಲಕ್ಕೆ ಮುಟ್ಟುವುದೇ ಇಲ್ಲ, ಜಾರುವವರ ಚರ್ಮ ಸುಲಿಯುತ್ತದೆ.

ಕೊಲಂಬಸ್ ವಿಚಾರ: ತಯಾರಕರ ಕೈಪಿಡಿ, ನಕ್ಷೆ, ಹಿಂದಿನ ದುರಸ್ತಿಯ ರಿಜಿಸ್ಟರ್ ಈ ಮೂರೂ ಇಲ್ಲದ ಯಂತ್ರ ಗುಜರಿ ಬೆಲೆಗೆ ಸಿಕ್ಕಿದರೂ ಬೇಡ. ಇದ್ದರೆ, ಮೇಲಿನ ತೂಗು ಶಾಫ್ಟನ್ನು ಬಿಚ್ಚಿಸಿ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ. ಇಡೀ ಹಡಗು ನೇತಾಡುವುದು ಅದೊಂದರ ಮೇಲೆ. ಹಡಗಿನ ಹೊಟ್ಟೆಗೆ ಉಜ್ಜಿ ತಳ್ಳುವ ಟಯರು ಒಂದೇ ಕಡೆ ಸವೆದಿದ್ದರೆ ಹಡಗು ವಾಲಿದೆ ಎಂದರ್ಥ. ಸವಾರಿ ಯಂತ್ರಗಳ ಸುರಕ್ಷತೆಗೆ ಐಎಸ್ 15475, ವಾಟರ್ ಪಾರ್ಕಿಗೆ ಐಎಸ್ 15492 ಎಂಬ ಭಾರತೀಯ ಮಾನಕಗಳಿವೆ. ನಿಮ್ಮ ಕರಾರಿನಲ್ಲಿ ಆ ಸಂಖ್ಯೆಗಳನ್ನು ಬರೆಸಿ. ಭೂ ಪರಿವರ್ತನೆ, ಪಂಚಾಯಿತಿ, ಮಾಲಿನ್ಯ ನಿಯಂತ್ರಣ ಮಂಡಳಿ, ಅಗ್ನಿಶಾಮಕ, ವಿದ್ಯುತ್ ಪರಿವೀಕ್ಷಕರು, ಪೊಲೀಸ್ ಪರವಾನಗಿ, ಅಂತರ್ಜಲ ಅನುಮತಿ ಇವೆಲ್ಲ ಯಂತ್ರಕ್ಕೆ ಮುಂಗಡ ಕೊಡುವ ಮುನ್ನವೇ ಆಗಲಿ.

ಪ್ರಶ್ನೆ: 80 ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದೇವೆ. ಶಿಕ್ಷಕರು ಏನು ಗಮನಿಸಬೇಕು?
(ಪ್ರೌಢಶಾಲಾ ಶಿಕ್ಷಕಿ, ಪಾಂಡವಪುರ)

ಮೇಡಂ, ಒಂದೇ ಒಂದು ಹೇಳುವುದಾದರೆ ದುಪಟ್ಟಾ ಮತ್ತು ಬಿಚ್ಚುಗೂದಲು. ಗೋ ಕಾರ್ಟಿನ ಹಿಂದಿನ ಆಕ್ಸಲ್ ಎರಡನ್ನೂ ಕ್ಷಣದಲ್ಲಿ ಸುತ್ತಿಕೊಳ್ಳುತ್ತದೆ. ಜಡೆ ಹೆಣೆದು, ಮೇಲೆ ಕಟ್ಟಿ, ದುಪಟ್ಟಾ ಬಸ್ಸಿನಲ್ಲೇ ಬಿಡಿಸಿ.

ಎರಡನೆಯದು, ತೊಡೆಯ ಮೇಲೆ ಬರುವ ಒಂದೇ ಸರಳು ಇಬ್ಬರಿಗೂ ಇರುವ ಆಟಗಳಲ್ಲಿ ದಪ್ಪನೆಯವರ ಪಕ್ಕ ಸಣ್ಣ ಮಗುವನ್ನು ಕೂರಿಸಬೇಡಿ. ಸರಳು ದೊಡ್ಡವರ ತೊಡೆಗೆ ತಾಗಿ ನಿಲ್ಲುತ್ತದೆ, ಮಗುವಿನ ಮೇಲೆ ಗೇಣಗಲ ಜಾಗ ಖಾಲಿ. ಎತ್ತರದ ಗೆರೆ ಮುಟ್ಟದ ಮಗುವನ್ನು "ಎರಡೇ ಬೆರಳು ಕಡಿಮೆ, ಬಿಡಿ ಸಾರ್" ಎಂದು ಒತ್ತಾಯಿಸಿ ಹತ್ತಿಸುವುದೂ ಇದೇ ಕಾರಣಕ್ಕೆ ತಪ್ಪು. ಊಟವಾದ ಮೇಲೆ ಒಂದು ಗಂಟೆ ತಿರುಗುವ ಆಟ ಬೇಡ. ಅದು ಸುರಕ್ಷತೆಗಿಂತ ಬಸ್ಸಿನ ಸೀಟಿನ ದೃಷ್ಟಿಯಿಂದ.

ಪ್ರಶ್ನೆ: ಕೆಆರ್‌ಎಸ್‌ನಲ್ಲಿ ಡಿಸ್ನಿಲ್ಯಾಂಡ್ ಬರುತ್ತದೆ ಎಂದು ವರ್ಷಗಳಿಂದ ಕೇಳುತ್ತಿದ್ದೇವೆ. ತಾಂತ್ರಿಕವಾಗಿ ಸಾಧ್ಯವೇ, ಅಣೆಕಟ್ಟೆಗೆ ತೊಂದರೆಯೇ?
(ನಿವೃತ್ತ ನೌಕರರು, ಬೆಳಗೊಳ)

2018ರಲ್ಲಿ ಆಗಿನ ಸಮ್ಮಿಶ್ರ ಸರ್ಕಾರ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, ಕಾವೇರಿ ಪ್ರತಿಮೆ ಎಂದು ಪ್ರಕಟಿಸಿದಾಗ ರೈತ ಸಂಘಟನೆಗಳು ವಿರೋಧಿಸಿದವು. ಆಮೇಲೆ ಬೃಂದಾವನ ಉದ್ಯಾನವನ್ನು ಮೇಲ್ದರ್ಜೆಗೆ ಏರಿಸುವ ಹೆಸರಿನಲ್ಲಿ ಮಾತು ಮತ್ತೆ ಎದ್ದಿತು. ಯಂತ್ರ ಬಲ್ಲವರಾಗಿ ನಾವು ಹೇಳಬಹುದಾದ್ದು ಇಷ್ಟು. ಕೋಸ್ಟರ್ ಓಡುವಾಗಿನ ಕಂಪನ ಅದರ ಅಡಿಪಾಯದಿಂದ ದೂರ ಹೋದಂತೆ ಬೇಗ ಕರಗುತ್ತದೆ. ಕಟ್ಟುವಾಗ ಬಂಡೆ ಸಿಡಿಸಿದರೆ, ಕಂಬಗಳನ್ನು ಬಡಿದು ಇಳಿಸಿದರೆ ಆಗುವ ಕಂಪನ ಬೇರೆಯೇ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾದ, ಸುರ್ಕಿ ಗಾರೆಯ (ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ) ಕಲ್ಲಿನ ಕಟ್ಟೆ. ಅದರ ಬುಡದಲ್ಲಿ ಅಂಥ ಕೆಲಸಕ್ಕೆ ಅನುಮತಿಯೇ ಬೇಡ. ಕೊರೆದು ಹಾಕುವ ಕಂಬಗಳಾದರೆ, ಕಟ್ಟೆಯ ಮೇಲೆ ಕಂಪನಮಾಪಕ ಇಟ್ಟು, ಮಿತಿ ದಾಟಿದರೆ ಕೆಲಸ ತಾನಾಗಿ ನಿಲ್ಲುವ ಷರತ್ತು ಇರಬೇಕು.

ಕಂಪನಕ್ಕಿಂತ ನಮಗೆ ಚಿಂತೆ ಜನಸಂದಣಿಯದು. ಕಟ್ಟೆಯ ಬಾಗಿಲು ತೆರೆದು ನೀರು ಬಿಡುವ ಸಂದರ್ಭದಲ್ಲಿ ನದಿ ಪಾತ್ರದ ಪಕ್ಕದ ಸಾವಿರಾರು ಜನರನ್ನು ಎಷ್ಟು ನಿಮಿಷದಲ್ಲಿ, ಯಾವ ದಾರಿಯಲ್ಲಿ ಹೊರಗೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ನಕ್ಷೆಯ ಮೇಲೆ ಉತ್ತರ ಬೇಕು. ಕೊಳಚೆ ನೀರು ಎಲ್ಲಿಗೆ ಎನ್ನುವುದು ಅದರ ಬೆನ್ನಿಗಿರುವ ಪ್ರಶ್ನೆ.

ಇನ್ನು ರುಚಿಯ ಮಾತು. 60 ಎಕರೆಯ ಬೃಂದಾವನ 1932ರಿಂದ ಜನರನ್ನು ಸೆಳೆದದ್ದು ಇಳಿಜಾರು, ನೀರು, ದೀಪ ಈ ಮೂರರಿಂದ. ಹೊಸ ಯಂತ್ರಕ್ಕೆ ಮೊದಲು ಆ ಮೂರನ್ನೇ ಸರಿಯಿಟ್ಟರೆ ಸಾಕಷ್ಟು. ಕಾರಂಜಿಯ ನಳಿಕೆಗಳನ್ನು ವಾರಕ್ಕೊಮ್ಮೆ ಬಿಚ್ಚಿ ತೆಳು ಆಮ್ಲದಲ್ಲಿ ಅದ್ದಿದರೆ ಸುಣ್ಣ ಬಿಡುತ್ತದೆ, ಜೆಟ್ ನೇರ ಏಳುತ್ತದೆ. ನೀರೊಳಗಿನ ದೀಪಗಳನ್ನು 12 ವೋಲ್ಟಿನ ಎಲ್‌ಇಡಿಗೆ ಬದಲಿಸಿ, ಪ್ರತಿ ಸರ್ಕ್ಯೂಟಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್ಚು) ಹಾಕಿದರೆ ವಿದ್ಯುತ್ ಆಘಾತದ ಭಯವೂ ಇಳಿಯುತ್ತದೆ. ಕೋಸ್ಟರ್ ಬೇಕೇಬೇಕು ಎನ್ನುವವರಿಗೆ ಮೈಸೂರು ಸುತ್ತ ಕಟ್ಟೆಯಿಂದ ದೂರದ ಬಯಲು ಬೇಕಾದಷ್ಟಿದೆ.

ಪ್ರಶ್ನೆ: ಕರೆಂಟ್ ಹೋದರೆ ಮೇಲೆ ಸಿಕ್ಕಿಕೊಂಡವರ ಗತಿ?
(ಓದುಗರು, ಟಿ. ನರಸೀಪುರ)

ಬ್ರೇಕುಗಳ ಕಟ್ಟುವಿಕೆಯೇ ಉಲ್ಟಾ. ಸ್ಪ್ರಿಂಗ್ ಸದಾ ಬ್ರೇಕ್ ಹಿಡಿದಿರುತ್ತದೆ, ಕರೆಂಟೋ ಗಾಳಿಯ ಒತ್ತಡವೋ ಇದ್ದಾಗ ಮಾತ್ರ ಬಿಡುತ್ತದೆ. ಕರೆಂಟ್ ಹೋದರೆ ಚಕ್ರ ನಿಲ್ಲುತ್ತದೆ, ಬೀಳುವುದಿಲ್ಲ. ಜನರೇಟರ್ ಚಾಲೂ ಆಗದಿದ್ದರೆ ಬ್ರೇಕನ್ನು ಕೈಯಿಂದ ಸ್ವಲ್ಪಸ್ವಲ್ಪವೇ ಸಡಿಲಿಸಿ, ಹ್ಯಾಂಡಲ್ ತಿರುಗಿಸಿ ಒಂದೊಂದೇ ತೊಟ್ಟಿಲು ಇಳಿಸುತ್ತಾರೆ. ಸಾಲಾಗಿ ಇಳಿಸುವಂತಿಲ್ಲ. ಒಂದು ತೊಟ್ಟಿಲು ಖಾಲಿಯಾದರೆ ಮುಂದಿನದು ಅದರ ಎದುರು ಬದಿಯದಾಗಬೇಕು. ಇಲ್ಲವಾದರೆ ಒಂದು ಕಡೆ ಭಾರವಾಗಿ, ಬ್ರೇಕ್ ಬಿಟ್ಟ ಕೂಡಲೇ ಚಕ್ರ ತಾನೇ ಓಡುತ್ತದೆ. ಆದ್ದರಿಂದ ಮೊದಲು ಹತ್ತಿದವರು ನಾವು, ಮೊದಲು ಇಳಿಸಿ ಎಂದು ಮೇಲಿನಿಂದ ಕೂಗಿದರೆ ಕೆಳಗಿನವರು ಕೇಳಿಸಿಕೊಳ್ಳುವುದಿಲ್ಲ.